ಹಾಡು ಮೊದಲು, ಮೀನು ಆಮೇಲೆ: ಹಳೇ ಪಾಪ್ ಹಾಡುಗಳ ಮೇಲೆ ಮೀನಿನ ಪನ್ ಕಟ್ಟುವುದು ಹೇಗೆ?

‘ಬಾಬ್ ಮಾರ್ಲಿನ್ ಅಂಡ್ ದ ವೇಲರ್ಸ್.’

ಓದಿದ ಕೂಡಲೇ ನಕ್ಕಿರಾ? ಹಾಗಾದರೆ ನಿಮಗೆ ಅರ್ಧ ವಿದ್ಯೆ ಆಗಲೇ ಬಂದಿದೆ. ನಗು ಬರದಿದ್ದರೂ ಪರವಾಗಿಲ್ಲ. ಯಾಕೆ ಬರಬೇಕಿತ್ತು ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ಹಾಡಿನ ಹೆಸರಿನಲ್ಲೋ ಹಾಡುಗಾರರ ಹೆಸರಿನಲ್ಲೋ ಒಂದು ಮೀನು ಸೇರಿಸುವ ಈ ಆಟ ಇಂಗ್ಲಿಷಿನದ್ದು. ಇಂಗ್ಲೆಂಡಿನಲ್ಲಂತೂ ಇದು ಬೀದಿಯಲ್ಲೇ ಸಿಗುತ್ತದೆ. ಅಲ್ಲಿನ ಫಿಶ್ ಅಂಡ್ ಚಿಪ್ಸ್ ಅಂಗಡಿಗಳ ಬೋರ್ಡ್ ನೋಡಿ. ‘ದ ಕಾಡ್‌ಫಾದರ್’ ಅನ್ನುವ ಹೆಸರು ಒಂದಕ್ಕಿಂತ ಹೆಚ್ಚು ಊರಲ್ಲಿ ಕಾಣುತ್ತದೆ. ಪಾಪ್ ಸಂಗೀತದವರೂ ಹಿಂದೆ ಬಿದ್ದಿಲ್ಲ. ಅಮೆರಿಕದ ಆರ್‌ಇಓ ಸ್ಪೀಡ್‌ವ್ಯಾಗನ್ ತಂಡ 1978ರಲ್ಲಿ ತಂದ ಆಲ್ಬಮ್ಮಿನ ಹೆಸರು ‘ಯೂ ಕ್ಯಾನ್ ಟ್ಯೂನ್ ಎ ಪಿಯಾನೋ, ಬಟ್ ಯೂ ಕಾಂಟ್ ಟ್ಯೂನಾ ಫಿಶ್’. ಪಿಯಾನೋ ಶ್ರುತಿ ಮಾಡಬಹುದು, ಮೀನನ್ನು ಶ್ರುತಿ ಮಾಡಕ್ಕಾಗಲ್ಲ ಅನ್ನೋ ಜೋಕು. ಕವರಿನ ಮೇಲೆ ಟ್ಯೂನಿಂಗ್ ಫೋರ್ಕ್ ಕಚ್ಚಿಕೊಂಡ ಮೀನಿನ ಚಿತ್ರ ಬೇರೆ.

ಪಬ್ ಕ್ವಿಝ್‌ಗೆ ಒಂದು ಸುತ್ತು ಬೇಕು, ಆಫೀಸ್ ಪಾರ್ಟಿಗೆ ಏನಾದರೂ ಆಟ ಬೇಕು, ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಏನಾದರೂ ಹಾಕಬೇಕು ಅನ್ನುವವರಿಗೆ ಇದು ಒಳ್ಳೆಯ ಸರಕು. ಆದರೆ ಹತ್ತರಲ್ಲಿ ಎಂಟು ಪನ್ ಸಪ್ಪೆಯಾಗುತ್ತವೆ. ಯಾಕಂದರೆ ಎಲ್ಲರೂ ಮೀನಿನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಹಾಡಿನಿಂದ. ಕೇಳುವವರ ಕಿವಿಗೆ ಮೊದಲು ಹಳೇ ಹಾಡು ಬೀಳಬೇಕು. ಮೀನು ಅದರ ಹಿಂದಿನಿಂದ ಬಂದು ಬಾಲ ಆಡಿಸಬೇಕು.

ಹೆಜ್ಜೆ 1: ಹಾಡು ಆರಿಸಿ

ಹೆಸರು ಅರ್ಧ ಹೇಳಿದರೆ ಎದುರಿನವರು ಉಳಿದರ್ಧ ಹೇಳಬೇಕು. ಅಂಥ ಹಾಡು ಮಾತ್ರ ತಗೊಳ್ಳಿ. ನಿಮ್ಮ ಅಚ್ಚುಮೆಚ್ಚಿನ, ಯಾರೂ ಕೇಳಿರದ ಹಾಡು ಇಲ್ಲಿ ಕೆಲಸಕ್ಕೆ ಬರಲ್ಲ. ಬೀಟಲ್ಸ್, ಅಬ್ಬಾ, ಕ್ವೀನ್, ಬೀಚ್ ಬಾಯ್ಸ್, ಮೈಕೆಲ್ ಜಾಕ್ಸನ್, ಇಷ್ಟರಲ್ಲೇ ಒಂದು ಸಂಜೆಗೆ ಸಾಕಾಗುವಷ್ಟಿದೆ. ಹೆಸರಿನಲ್ಲಿ ಗಿಡ್ಡ, ಗಟ್ಟಿ ಪದ ಇದ್ದರೆ ಇನ್ನೂ ಒಳ್ಳೆಯದು. ‘ಹೆಲ್ಪ್’, ‘ಶೌಟ್’, ‘ಟೇಕ್’, ‘ಫೀಲ್’ ಥರದ್ದು. ‘ಬೊಹೀಮಿಯನ್ ರಾಪ್ಸಡಿ’ ಎಷ್ಟೇ ದೊಡ್ಡ ಹಾಡಾದರೂ ಅದರೊಳಗೆ ಮೀನು ತುರುಕುವುದು ಕಷ್ಟ. ಬಿಟ್ಟುಬಿಡಿ.

ಹೆಜ್ಜೆ 2: ಮೀನಿನ ಪಟ್ಟಿ ಮಾಡಿ, ಸದ್ದಿನ ಪ್ರಕಾರ

ಮಾರ್ಕೆಟ್ಟಿನಲ್ಲಿ ಮೀನನ್ನು ಗಾತ್ರ ನೋಡಿ, ರೇಟು ನೋಡಿ ಜೋಡಿಸುತ್ತಾರೆ. ನಾವು ಜೋಡಿಸಬೇಕಾದ್ದು ಸದ್ದು ನೋಡಿ. ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಒಂದೇ ಏಟಿನ, ಅಂದರೆ ಒಂದೇ ಸ್ವರದಲ್ಲಿ ಹೇಳಿ ಮುಗಿಯುವ ಹೆಸರುಗಳು ಬಂಗಾರ: ಕಾಡ್, ಸೋಲ್, ಹೇಕ್, ಈಲ್, ಟ್ರೌಟ್, ಸ್ಕೇಟ್, ಕಾರ್ಪ್, ಪ್ರಾನ್, ಕ್ರ್ಯಾಬ್, ಕ್ಲ್ಯಾಮ್. ಎರಡು ಏಟಿನವು: ಟ್ಯೂನಾ, ಸಾರ್ಡೀನ್, ಗ್ರೂಪರ್, ಮಾರ್ಲಿನ್, ಪಿಲ್ಚರ್ಡ್, ಹೆರಿಂಗ್, ಸ್ಯಾಮನ್. ಈ ಕೊನೆಯದರ ಬಗ್ಗೆ ಒಂದು ಮಾತು. ನಮ್ಮ ಹೋಟೆಲುಗಳಲ್ಲಿ ಅದು ‘ಸಾಲ್ಮನ್’. ಇಂಗ್ಲಿಷಿನವರು ‘ಲ’ ನುಂಗುತ್ತಾರೆ. ಪನ್‌ಗೆ ನುಂಗಿದ ಉಚ್ಚಾರವೇ ಬೇಕು. ಸೈಮನ್ ಅಂಡ್ ಗಾರ್‌ಫಂಕಲ್ ಜೋಡಿ ‘ಸ್ಯಾಮನ್ ಅಂಡ್ ಗಾರ್‌ಫಂಕಲ್’ ಆಗುವುದು ಹಾಗೆ. ಸಾಲ್ಮನ್ ಅಂದರೆ ಹಿಂದಿ ಸಿನಿಮಾದ ಕಡೆ ಮನಸ್ಸು ಹೋಗುತ್ತದೆ.

ಕೇಳುವವರಿಗೆ ಗೊತ್ತಿರುವ ಮೀನು ಎಷ್ಟು ಅಂತಲೂ ನೋಡಿಕೊಳ್ಳಿ. ಕಾಡ್ ನಮ್ಮ ಸಮುದ್ರದ ಮೀನಲ್ಲ, ಆದರೆ ಕಾಡ್ ಲಿವರ್ ಆಯಿಲ್ ನುಂಗಿದವರಿಗೆ ಹೆಸರು ಗೊತ್ತು. ಸಾರ್ಡೀನ್ ಅಂದರೆ ಬೂತಾಯಿ, ಮ್ಯಾಕೆರೆಲ್ ಅಂದರೆ ಬಂಗುಡೆ, ಸೋಲ್ ಅಂದರೆ ನಂಗ್, ಕ್ಲ್ಯಾಮ್ ಅಂದರೆ ಮರುವಾಯಿ. ಕರಾವಳಿಯವರು ಕೂತಿದ್ದರೆ ಇವೆಲ್ಲ ಥಟ್ಟನೆ ಹೊಳೆಯುತ್ತವೆ. ಬೇರೆ ಕಡೆ ಟ್ಯೂನಾ, ಪ್ರಾನ್, ಕ್ರ್ಯಾಬ್ ಜಾಸ್ತಿ ಬಳಸಿ.

ಸಿಗಡಿ, ಏಡಿ ಮೀನಾ? ಅಲ್ಲ. ತಿಮಿಂಗಿಲವೂ ಅಲ್ಲ. ಆದರೆ ಈ ಆಟದಲ್ಲಿ ನೀರಿನಿಂದ ಬಂದದ್ದೆಲ್ಲ ಮೀನೇ. ಜೀವಶಾಸ್ತ್ರದ ಮೇಷ್ಟ್ರು ಯಾರಾದರೂ ತಕರಾರು ತೆಗೆದರೆ ಅವರಿಗೇ ಅಂಕ ಎಣಿಸುವ ಕೆಲಸ ಕೊಡಿ.

ಹೆಜ್ಜೆ 3: ಒಂದರ ಕೆಳಗೊಂದು ಬರೆಯಿರಿ

ಇದೇ ಮುಖ್ಯ ಹೆಜ್ಜೆ. ಇಂಗ್ಲಿಷ್ ಸ್ಪೆಲಿಂಗ್ ಮೋಸ ಮಾಡುತ್ತದೆ. ಕನ್ನಡ ಲಿಪಿ ಹೆಚ್ಚುಕಮ್ಮಿ ಕಿವಿಗೆ ಕೇಳಿದ್ದನ್ನೇ ಬರೆಯುತ್ತದೆ. ಹಾಗಾಗಿ ಪನ್ ಗಟ್ಟಿ ಇದೆಯಾ ಅಂತ ನೋಡಲು ನಮಗೆ ಇಂಗ್ಲಿಷಿನವರಿಗಿಲ್ಲದ ಒಂದು ಅನುಕೂಲ ಇದೆ. ಮೂಲ ಪದ ಮೇಲೆ, ಪನ್ ಕೆಳಗೆ ಬರೆಯಿರಿ. ಎಷ್ಟು ಅಕ್ಷರ ಬದಲಾಯಿತು ಅಂತ ಎಣಿಸಿ.

ಬೀಚ್ ಬಾಯ್ಸ್‌ನ 1966ರ ಹಾಡು: ‘ಗಾಡ್ ಓನ್ಲಿ ನೋಸ್’.
ಪನ್: ‘ಕಾಡ್ ಓನ್ಲಿ ನೋಸ್’.

‘ಗ’ ಹೋಗಿ ‘ಕ’ ಬಂತು, ಅಷ್ಟೇ. ಬೀಟಲ್ಸ್ ಹಾಡಿದ ‘ಟ್ವಿಸ್ಟ್ ಅಂಡ್ ಶೌಟ್’ ಆಗಬೇಕಾದ್ದು ‘ಟ್ವಿಸ್ಟ್ ಅಂಡ್ ಟ್ರೌಟ್’. ಅವರದೇ 1965ರ ‘ಹೆಲ್ಪ್’ ಆಗಬೇಕಾದ್ದು ‘ಕೆಲ್ಪ್’. ಕೆಲ್ಪ್ ಅಂದರೆ ಕಡಲಪಾಚಿ. ಮೀನಲ್ಲ, ಆದರೆ ಮುಳುಗುತ್ತಿರುವವನು ಕೂಗುವ ಪದಕ್ಕೆ ಕಡಲಪಾಚಿ ಸುತ್ತಿಕೊಂಡರೆ ಬಿಡುವುದು ಹೇಗೆ?

ಒಂದು ಅಕ್ಷರ ಬದಲಾದರೆ ಒಳ್ಳೆಯ ಪನ್. ಎರಡಾದರೆ ನಡೆಯುತ್ತದೆ. ಮೂರು ಬದಲಾಯಿತು ಅಂದರೆ ಅದು ಬೇರೆ ಹಾಡೇ. ಒಂದೂ ಬದಲಾಗದಿದ್ದರೆ? ಅದಕ್ಕಿಂತ ಭಾಗ್ಯ ಇಲ್ಲ. ಅರೀಥಾ ಫ್ರಾಂಕ್ಲಿನ್ ‘ಕ್ವೀನ್ ಆಫ್ ಸೋಲ್’. ಆತ್ಮದ ಸೋಲ್, ಮೀನಿನ ಸೋಲ್ ಎರಡೂ ಕನ್ನಡದಲ್ಲಿ ಬರೆದರೆ ಒಂದೇ.

ಇದಕ್ಕೆ ಉಲ್ಟಾ ಉದಾಹರಣೆ ಬ್ಯಾಸ್. ಬೇಸ್ ಗಿಟಾರ್ ಮತ್ತು ಬ್ಯಾಸ್ ಮೀನಿಗೆ ಇಂಗ್ಲಿಷಿನಲ್ಲಿ ಸ್ಪೆಲಿಂಗ್ ಒಂದೇ. ಅದಕ್ಕೇ ಅಲ್ಲಿಯವರು ಈ ಜೋಕನ್ನು ಸಾವಿರ ಸಲ ಮಾಡಿದ್ದಾರೆ. ಕನ್ನಡದಲ್ಲಿ ಬರೆದ ತಕ್ಷಣ ಬಣ್ಣ ಬಯಲು: ಬೇಸ್, ಬ್ಯಾಸ್. ಇದು ಕಣ್ಣಿನ ಪನ್, ಕಿವಿಯದ್ದಲ್ಲ. ಪೋಸ್ಟರ್ ಮೇಲೆ ಹಾಕಿ, ಮೈಕಿನಲ್ಲಿ ಹೇಳಬೇಡಿ.

ಉಚ್ಚಾರದ ಇನ್ನೊಂದು ತಕರಾರು ‘ರ’ಕಾರದ್ದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1984ರಲ್ಲಿ ಹಾಡಿದ ‘ಬಾರ್ನ್ ಇನ್ ದ ಯುಎಸ್ಎ’ಯನ್ನು ‘ಪ್ರಾನ್ ಇನ್ ದ ಯುಎಸ್ಎ’ ಮಾಡುವುದು ಇಂಗ್ಲೆಂಡಿನಲ್ಲಿ ಹಳೇ ಜೋಕು. ಅವರು ‘ಬಾರ್ನ್’ನಲ್ಲಿ ‘ರ’ ಹೇಳುವುದೇ ಇಲ್ಲ, ಬಾನ್ ಅನ್ನುತ್ತಾರೆ. ಹಾಗಾಗಿ ಪ್ರಾಸ ಕೂಡುತ್ತದೆ. ನಾವು ಅಮೆರಿಕದವರ ಥರ ‘ರ’ ಚೆನ್ನಾಗಿಯೇ ಹೇಳುತ್ತೇವೆ. ನಮ್ಮ ಬಾಯಲ್ಲಿ ಆ ‘ರ’ ಹಿಂದಿನಿಂದ ಮುಂದಕ್ಕೆ ಜಿಗಿಯಬೇಕು. ಆದರೂ ನಡೆಯುತ್ತದೆ, ಹಾಡು ಅಷ್ಟು ಗೊತ್ತಿರುವುದರಿಂದ.

ಒಂದು ತಂಡ ಹಿಡಿದು ಮಾಡಿ ನೋಡೋಣ: ಅಬ್ಬಾ

ಈ ಆಟಕ್ಕೆ ಅಬ್ಬಾಗಿಂತ ಒಳ್ಳೆಯ ತಂಡ ಸಿಗಲ್ಲ. ಅಗ್ನೆಥಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿದ್ ಎಂಬ ನಾಲ್ವರ ಮೊದಲಕ್ಷರ ಸೇರಿ ಆದ ಹೆಸರದು. ತಮಾಷೆ ಏನಂದರೆ, ಸ್ವೀಡನ್ನಿನಲ್ಲಿ ಅದಾಗಲೇ ಒಂದು ಅಬ್ಬಾ ಇತ್ತು. ಅದು ಹೆರಿಂಗ್ ಮೀನನ್ನು ಡಬ್ಬಿಗೆ ತುಂಬಿ ಮಾರುವ ಕಂಪನಿ. ಅದಕ್ಕೂ ಆ ಹೆಸರು ಮೊದಲಕ್ಷರಗಳಿಂದಲೇ ಬಂದದ್ದು. ತಂಡದವರು ಆ ಕಂಪನಿಯಿಂದ ಒಪ್ಪಿಗೆ ಪಡೆದು ಹೆಸರು ಇಟ್ಟುಕೊಂಡರು. 1974ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ‘ವಾಟರ್ಲೂ’ ಹಾಡಿ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದ ಮೇಲೆ ಜಗತ್ತಿಗೆಲ್ಲ ಅಬ್ಬಾ ಅಂದರೆ ಹಾಡು. ಸ್ವೀಡನ್ನಿನ ಅಡುಗೆಮನೆಗಳಲ್ಲಿ ಮಾತ್ರ ಈಗಲೂ ಮೀನು.

ಈಗ 1980ರ ‘ಸೂಪರ್ ಟ್ರೂಪರ್’ ತಗೊಳ್ಳಿ. ಟ್ರೂಪರ್ ಪದದ ತಲೆ ಕತ್ತರಿಸಿ. ಉಳಿದದ್ದು ‘ಊಪರ್’. ಪಟ್ಟಿಯಲ್ಲಿ ‘ಊಪರ್’ ಬಾಲದ ಮೀನು ಯಾವುದು? ಗ್ರೂಪರ್! ಬಂಡೆಗಳ ಸಂದಿಯಲ್ಲಿರುವ ದಪ್ಪ ತುಟಿಯ, ಸಿಡುಕು ಮುಖದ ಮೀನು. ‘ಸೂಪರ್ ಗ್ರೂಪರ್.’ ಇನ್ನೂ ಇದೆ. ಸೂಪರ್ ಟ್ರೂಪರ್ ಅಂದರೆ ರಂಗದ ಮೇಲೆ ಗಾಯಕರನ್ನು ಹಿಂಬಾಲಿಸುವ ದೊಡ್ಡ ಸ್ಪಾಟ್‌ಲೈಟು. ಅದರ ಬೆಳಕಿಗೆ ಬಂದು ನಿಂತದ್ದು ಒಂದು ಧಡೂತಿ ಗ್ರೂಪರ್. ಚಿತ್ರ ಕಣ್ಣಿಗೆ ಕಟ್ಟಿತಲ್ವಾ?

‘ಟೇಕ್ ಎ ಚಾನ್ಸ್ ಆನ್ ಮೀ’ ಆಗುವುದು ‘ಹೇಕ್ ಎ ಚಾನ್ಸ್ ಆನ್ ಮೀ’. ಸದ್ದು ನೂರಕ್ಕೆ ನೂರು. ಅರ್ಥ ಸೊನ್ನೆ. ಮುಗುಳ್ನಗೆ ಬರುತ್ತದೆ, ಅಷ್ಟರಲ್ಲೇ ಮುಗಿಯುತ್ತದೆ.

‘ಗಿಮ್ಮಿ ಗಿಮ್ಮಿ ಗಿಮ್ಮಿ’ ಹಾಡಿನ ಹೆಸರಿಗೆ ‘ಎ ಮ್ಯಾನ್ ಆಫ್ಟರ್ ಮಿಡ್‌ನೈಟ್’ ಅನ್ನುವ ಬಾಲ ಇದೆ. ಅದನ್ನು ‘ಎ ಕ್ಲ್ಯಾಮ್ ಆಫ್ಟರ್ ಮಿಡ್‌ನೈಟ್’ ಮಾಡಿ. ‘ನ’ ಇದ್ದಲ್ಲಿ ‘ಮ’ ಬಂತು, ಸದ್ದು ಸ್ವಲ್ಪ ಜಾರಿತು. ಆದರೆ ಮಧ್ಯರಾತ್ರಿ ಮರುವಾಯಿ ಸುಕ್ಕ ಬೇಕೇ ಬೇಕು ಅಂತ ಹಟ ಹಿಡಿದವರ ಚಿತ್ರ ಬರುತ್ತದಲ್ಲ, ಅದಕ್ಕೆ ಮಾಫಿ. ನನ್ನ ಲೆಕ್ಕದಲ್ಲಿ ಹೇಕ್‌ಗಿಂತ ಇದೇ ಮೇಲು.

‘ಡ್ಯಾನ್ಸಿಂಗ್ ಕ್ವೀನ್’ ಹಾಡನ್ನು ‘ಡ್ಯಾನ್ಸಿಂಗ್ ಸಾರ್ಡೀನ್’ ಮಾಡಬೇಕು ಅಂತ ಎಲ್ಲರಿಗೂ ಕೈ ತುರಿಸುತ್ತದೆ. ಮಾಡಬೇಡಿ. ಕಾರಣ ಕೆಳಗಿದೆ.

ಹೆಜ್ಜೆ 4: ಏಟು ಎಣಿಸಿ

ಕ್ವೀನ್ ಒಂದೇ ಏಟು. ಸಾರ್ಡೀನ್ ಎರಡು. ಹಾಡಿ ನೋಡಿದರೆ ಎಡವುತ್ತದೆ. ಓದುವಾಗ ಸರಿ ಕಂಡ ಪನ್ ಹಾಡುವಾಗ ಸತ್ತರೆ ಅದನ್ನು ಪಟ್ಟಿಯಿಂದ ತೆಗೆಯಿರಿ. ಪ್ರತಿ ಪನ್ನನ್ನೂ ಒಮ್ಮೆ ಬಾಯಿಬಿಟ್ಟು ಹಾಡಿ. ಬಾತ್‌ರೂಮ್ ಇರುವುದೇ ಅದಕ್ಕೆ.

ಇದಕ್ಕೊಂದು ವಿನಾಯಿತಿ ಇದೆ. ಪದ ಒಡೆದು ಬೇರೆ ಕಡೆ ಕೂಡಿಸಿದರೆ ಏಟು ಹಾಗೇ ಉಳಿಯುತ್ತದೆ, ಮೀನೂ ಸಿಗುತ್ತದೆ. ಇಂಗ್ಲಿಷಿನ ಮೀನಿನ ಪನ್‌ಗಳಲ್ಲೇ ಹೆಸರಾದದ್ದು ಈ ಜಾತಿಯದು. ಡೀನ್ ಮಾರ್ಟಿನ್ 1953ರಲ್ಲಿ ಹಾಡಿದ ‘ದಟ್ಸ್ ಅಮೋರೆ’. ಅಮೋರೆ ಅಂದರೆ ಇಟಾಲಿಯನ್ನಿನಲ್ಲಿ ಪ್ರೀತಿ. ‘ಅ’ವನ್ನು ಬಿಡಿಸಿದರೆ ‘ದಟ್ಸ್ ಎ ಮೋರೆ’. ಮೋರೆ ಈಲ್ ಅನ್ನುವ, ಬಂಡೆಯ ಬಿಲದಿಂದ ತಲೆ ಹೊರಹಾಕಿ ಬಾಯಿ ಕಳೆದು ಕೂರುವ ಹಾವಿನಂಥ ಮೀನು. ಪ್ರೀತಿ ಅಂದುಕೊಂಡು ಕೈ ಚಾಚಿದರೆ ಕಚ್ಚುತ್ತದೆ. ಅದರ ಮೋರೆ ಒಮ್ಮೆ ನೋಡಿದರೆ ಕನ್ನಡದವರಿಗೆ ಇನ್ನೊಂದು ನಗು ಫ್ರೀ.

ಹೆಜ್ಜೆ 5: ಎರಡನೇ ನಗು ಹುಡುಕಿ

ಸದ್ದು ಕೂಡಿದರೆ ಒಂದು ನಗು. ಮೀನಿನ ಸ್ವಭಾವವೂ ಹಾಡಿನ ಮಾತಿಗೆ ಕೂಡಿದರೆ ಎರಡನೆಯದು. ಸ್ಯಾಮನ್ ಅಂಡ್ ಗಾರ್‌ಫಂಕಲ್ ಜೋಡಿಯ ದೊಡ್ಡ ಹಾಡು ಯಾವುದು? 1970ರ ‘ಬ್ರಿಜ್ ಓವರ್ ಟ್ರಬಲ್ಡ್ ವಾಟರ್’. ಮೊಟ್ಟೆ ಇಡಲು ಹೊಳೆಯ ಸೆಳೆತದ ಎದುರು ಈಜುವ ಮೀನಿಗೆ ಅಬ್ಬರದ ನೀರಿನ ಹಾಡು. ಅಕ್ಷರ ಮುಟ್ಟುವ ಅಗತ್ಯವೇ ಇಲ್ಲ.

ಬೀಟಲ್ಸ್‌ನ ‘ನಾರ್ವೇಜಿಯನ್ ವುಡ್’ ಬಗ್ಗೆ ಜಗಳ ಆಗಬಹುದು. ‘ನಾರ್ವೇಜಿಯನ್ ಕಾಡ್’ ಅಂದರೆ ‘ವುಡ್’ಗೂ ‘ಕಾಡ್’ಗೂ ಸ್ವರವೇ ಕೂಡಲ್ಲ. ಆದರೆ ನಾರ್ವೆಯ ಲೋಫೋಟನ್ ದ್ವೀಪಗಳಲ್ಲಿ ಮರದ ಚೌಕಟ್ಟುಗಳ ಮೇಲೆ ಕಾಡ್ ಮೀನನ್ನು ನೇತುಹಾಕಿ ಒಣಗಿಸುವುದು ಶತಮಾನಗಳ ಕಸುಬು. ಮರವೂ ಬಂತು, ಮೀನೂ ಬಂತು. ನಾನು ಪಾಸ್ ಮಾಡುತ್ತೇನೆ.

ಹೆಜ್ಜೆ 6: ಹಾಡುಗಾರರ ಹೆಸರು

ಹಾಡಿಗಿಂತ ಇದು ಸುಲಭ. ರಾಡ್ ಸ್ಟೀವರ್ಟ್ ‘ಕಾಡ್ ಸ್ಟೀವರ್ಟ್’ ಆಗುತ್ತಾರೆ. ಟೀನಾ ಟರ್ನರ್ ‘ಟ್ಯೂನಾ ಟರ್ನರ್’, ನೀಲ್ ಡೈಮಂಡ್ ‘ಈಲ್ ಡೈಮಂಡ್’, ಕ್ಲಿಫ್ ರಿಚರ್ಡ್ ‘ಕ್ಲಿಫ್ ಪಿಲ್ಚರ್ಡ್’. ಕೇಟ್ ಬುಷ್ ‘ಸ್ಕೇಟ್ ಬುಷ್’ ಆಗಲು ಅರ್ಧ ಅಕ್ಷರ ಸಾಕು. ಮೈಕೆಲ್ ಜಾಕ್ಸನ್ ‘ಮ್ಯಾಕೆರೆಲ್ ಜಾಕ್ಸನ್’ ಆಗುವಾಗ ಒಂದೇಟು ಜಾಸ್ತಿಯಾಗುತ್ತದೆ. ಆದರೂ ಬಂಗುಡೆ ಮೂನ್‌ವಾಕ್ ಮಾಡುವುದನ್ನು ಯಾರು ಬೇಡ ಅನ್ನುತ್ತಾರೆ?

ಕೆಲವರ ಹೆಸರಿಗೆ ಕೈ ಹಾಕುವುದೇ ಬೇಡ, ಮೀನು ಒಳಗೇ ಇದೆ. ಕಾರ್ಪೆಂಟರ್ಸ್ ತಂಡದಲ್ಲಿ ಕಾರ್ಪ್ ಇದೆ. ರೇ ಚಾರ್ಲ್ಸ್ ಹೆಸರಿನ ‘ರೇ’ ನಮ್ಮ ತೊರಕೆ. ‘ದ ಟ್ವಿಸ್ಟ್’ ಹಾಡಿ 1960ರಲ್ಲಿ ಜನರನ್ನು ಕುಣಿಸಿದ ಚಬ್ಬಿ ಚೆಕರ್‌ನಲ್ಲಿ ಯುರೋಪಿನ ಹೊಳೆಮೀನು ಚಬ್ ಅವಿತಿದೆ. ಆ ಹೆಸರೇ ಒಂದು ಪನ್ ಅನ್ನುವುದು ಇನ್ನೂ ಮಜಾ. ಆಗ ಫ್ಯಾಟ್ಸ್ ಡೊಮಿನೊ ಜನಪ್ರಿಯ ಗಾಯಕ. ಫ್ಯಾಟ್ಸ್‌ಗೆ ಚಬ್ಬಿ, ಡೊಮಿನೊ ಆಟಕ್ಕೆ ಚೆಕರ್ಸ್ ಆಟ ಅಂತ ಜೋಡಿಸಿ ಆ ಹುಡುಗನಿಗೆ ಹೆಸರಿಟ್ಟರು.

ಇನ್ನು ಮಾರ್ಲಿನ್ ಕಥೆ. ಬಾಬ್ ಮಾರ್ಲಿ ಹೆಸರಿಗೆ ಒಂದು ‘ನ್’ ಸೇರಿಸಿದರೆ ಈಟಿ ಮೂತಿಯ ಮೀನು. ಅದು ಅವರ ಜಮೈಕಾದ ಕೆರಿಬಿಯನ್ ಸಮುದ್ರದಲ್ಲೇ ಸಿಗುತ್ತದೆ. ಹಿಂದೆ ಹಾಡುವ ತಂಡ ವೇಲರ್ಸ್, ಅಂದರೆ ಗೋಳಾಡುವವರು. ತಿಮಿಂಗಿಲ ಬೇಟೆಯವರಿಗೂ ವೇಲರ್ಸ್ ಅಂತಲೇ ಹೆಸರು. ಒಂದಕ್ಷರ ಸೇರಿತು, ಒಂದಕ್ಷರವೂ ಹೋಗಲಿಲ್ಲ, ಮೀನು ಮುಂದೆ, ಬೇಟೆಗಾರರು ಹಿಂದೆ. ಇದಕ್ಕಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ.

ಹೆಜ್ಜೆ 7: ಕನ್ನಡಕ್ಕೆ ತರುವಾಗ

ಡುಂಡಿರಾಜರ ಹನಿಗವನ ಓದಿ ಬೆಳೆದವರಿಗೆ ಪನ್ ಹೊಸದಲ್ಲ. ಮೇಲಾಗಿ ನಮ್ಮ ಹಳೇ ಪದ್ಯಗಳಲ್ಲಿ ಪ್ರಾಸ ಬೀಳುವುದು ಎರಡನೇ ಅಕ್ಷರದಲ್ಲಿ. ಮೊದಲ ಅಕ್ಷರ ಬದಲಾಗಿ ಎರಡನೆಯದು ನಿಂತರೆ ನಮ್ಮ ಕಿವಿ ತಾನೇ ಜೋಡಿಸಿಕೊಳ್ಳುತ್ತದೆ. ಈ ಆಟಕ್ಕೆ ಬೇಕಾದ್ದೂ ಅದೇ.

ಕನ್ನಡದ ಪ್ರೇಮಗೀತೆಗಳ ತುಂಬ ‘ನೀನು’. ‘ಮೀನು’ ಅಲ್ಲೇ ಪಕ್ಕದಲ್ಲಿದೆ. ಮಾತ್ರೆಯೂ ಸಮ, ಮೂರಕ್ಕೆ ಮೂರು. ಆದರೆ ಒಂದು ಗುಂಡಿ ಇದೆ, ಬೀಳಬೇಡಿ. ವಿಭಕ್ತಿ ಬಂದ ಕೂಡಲೇ ‘ನೀನು’ ಗಿಡ್ಡವಾಗುತ್ತದೆ: ನಿನಗೆ, ನಿನ್ನ, ನಿನ್ನಲ್ಲಿ. ‘ಮೀನು’ ಹಾಗೆ ಕುಗ್ಗಲ್ಲ: ಮೀನಿಗೆ, ಮೀನಿನ, ಮೀನಲ್ಲಿ. ಹಾಗಾಗಿ ಜೋಡಿ ಕೂಡುವುದು ಬರೀ ‘ನೀನು’, ‘ನೀನೇ’ ಇದ್ದಲ್ಲಿ. ಬಾನು, ಜೇನು ಹಾಗಲ್ಲ. ಎಲ್ಲ ವಿಭಕ್ತಿಯಲ್ಲೂ ಮೀನಿನ ಜೊತೆಗೇ ಈಜುತ್ತವೆ. ಡಾ. ರಾಜ್ ಹಾಡಿದ ‘ಬಾನಿಗೊಂದು ಎಲ್ಲೆ ಎಲ್ಲಿದೆ’ ಹಾಡನ್ನು ‘ಮೀನಿಗೊಂದು ಎಲ್ಲೆ ಎಲ್ಲಿದೆ’ ಮಾಡಿ ನೋಡಿ. ಸಮುದ್ರದ ಮಟ್ಟಿಗೆ ಮಾತೂ ನಿಜವೇ. ಅವರದೇ ‘ಜೇನಿನ ಹೊಳೆಯೋ’ ಹಾಡು ‘ಮೀನಿನ ಹೊಳೆಯೋ’ ಆದರೆ ಇನ್ನೂ ಸಹಜ. ಹೊಳೆಯಲ್ಲಿ ಇರಬೇಕಾದ್ದು ಜೇನಲ್ಲ, ಮೀನು. ಆದರೆ ಅದು ಕನ್ನಡ ನುಡಿಯನ್ನು ಹೊಗಳುವ ಹಾಡು. ರಾಜ್ಯೋತ್ಸವದ ವೇದಿಕೆ ಹತ್ತಿ ಹೇಳುವ ಧೈರ್ಯ ಮಾಡಬೇಡಿ.

‘ಬಂಗಾರ’ ಕಂಡಲ್ಲೆಲ್ಲ ‘ಬಂಗುಡೆ’ ಹಾಕುವ ಆಸೆಯೂ ಬರುತ್ತದೆ. ಎಣಿಸಿ: ಬಂಗಾರ ಐದು ಮಾತ್ರೆ, ಬಂಗುಡೆ ನಾಲ್ಕೇ. ತಾಳ ಸಿಕ್ಕಲ್ಲ. ಕರಾವಳಿಯ ‘ಕಾಣೆ’ ಮಾತ್ರ ದೇವರು ಕೊಟ್ಟ ಮೀನು. ವಿರಹದ ಹಾಡಿನಲ್ಲಿ ‘ಕಾಣೆ’ ಅಂತ ಬಂದರೆ ಏನೂ ಬದಲಿಸಬೇಡಿ, ತಟ್ಟೆ ತೋರಿಸಿದರೆ ಸಾಕು.

ಹೆಜ್ಜೆ 8: ಮೈಕ್ ಹಿಡಿದಾಗ

ಪನ್ನನ್ನು ನೇರ ಹೇಳಿದರೆ ನಗು ನಿಮ್ಮದು. ಸುಳಿವು ಕೊಟ್ಟು ಅವರಿಂದಲೇ ಹೇಳಿಸಿದರೆ ನಗು ಎಲ್ಲರದು. ಸುಳಿವಿನಲ್ಲಿ ಮೂರು ಅಂಶ ಇರಲಿ: ಕಾಲ ಅಥವಾ ಊರು, ಹಾಡಿನ ಒಂದು ಗುರುತು, ಮೀನಿನ ಒಂದು ಗುರುತು. ಮೀನಿನ ಹೆಸರು ಮಾತ್ರ ಹೇಳಬೇಡಿ. ‘ಇಂಗ್ಲೆಂಡಿನ ಗಾಯಕಿ, ಹೆಸರಿನ ಕೊನೆಗೆ ಪೊದೆ, ಮುಂದೆ ತೊರಕೆಯ ದಾಯಾದಿ’ ಅಂದರೆ ಸ್ಕೇಟ್ ಬುಷ್ ಬರುತ್ತಾರೆ.

ಸುಲಭದ್ದು ಮೊದಲು ಹಾಕಿ. ಮೊದಲ ಎರಡು ಪ್ರಶ್ನೆಗೆ ಎಲ್ಲರೂ ಉತ್ತರ ಹೇಳಬೇಕು, ಆಗಲೇ ಆಟದ ನಡೆ ಅರ್ಥವಾಗುವುದು. ಹತ್ತು ಪ್ರಶ್ನೆ ದಾಟಿಸಬೇಡಿ, ಮೀನಿನ ಜೋಕು ಮೀನಿನಷ್ಟೇ ಬೇಗ ವಾಸನೆ ಬರುತ್ತದೆ. ಉತ್ತರ ಹೇಳುವಾಗ ಮುಖ ಗಂಭೀರವಾಗಿರಲಿ, ಮೀನಿನ ಹೆಸರನ್ನು ಒತ್ತಿ ಹೇಳಬೇಡಿ. ಯಾರಾದರೂ ಅರ್ಥವಾಗಲಿಲ್ಲ ಅಂದರೆ ವಿವರಿಸಬೇಡಿ, ಆ ಸಾಲು ಹಾಡಿ ತೋರಿಸಿ. ಹಾಡಿದ ಮೇಲೂ ನಗಲಿಲ್ಲವಾದರೆ ಮುಂದಿನ ಪ್ರಶ್ನೆಗೆ ಹೋಗಿ.

ಅಭ್ಯಾಸಕ್ಕೆ ಮೂರು ಸುಳಿವು:

1965, ಲಿವರ್‌ಪೂಲಿನ ನಾಲ್ವರು, ಹಗಲು ಸುತ್ತಾಟಕ್ಕೆ ಹೊರಟವಳ ಬದಲು ಹೊಗೆ ಹಾಕಿದ ಹೆರಿಂಗ್.

1974, ಫ್ರೆಡ್ಡಿ ಮರ್ಕ್ಯುರಿಯ ತಂಡ, ಪ್ರಾಣ ತೆಗೆಯುವ ರಾಣಿ, ಅವಳೊಳಗೆ ತಿಮಿಂಗಿಲದ ಊಟವಾಗುವ ಸಿಗಡಿಯಂಥ ಪುಟಾಣಿ.

1965, ಜೇಮ್ಸ್ ಬ್ರೌನ್ ಕಿರುಚಾಟ, ತುಂಬ ಹಿತವಾಗಿರುವ ಹಾವುಮೀನು.